ಹಾಲೇಶಪ್ಪನ ಕೆಮ್ಮು

ಹಾವೇರಿ
೧೨ ಫೆಬ್ರವರಿ ೨೦೨೫, ಬುಧವಾರ, ಮಧ್ಯಾಹ್ನ

ನಿರ್ಮಲಾ,

ಹೆಸರಿನ ಹಿಂದೆ 'ಪ್ರೀತಿಯ' ಎಂದು ಬರೆದು ಹೊಡೆದುಹಾಕಿದ್ದೇನೆ, ಗೀಟು ನಿನಗೆ ಕಂಡಿರುತ್ತದೆ. ಇರಲಿ. ನನ್ನ ಮೇಲೆ ಸಿಟ್ಟಾಗಲು ನಿನಗೆ ಬೇಕಾದಷ್ಟು ದಿನಗಳಿವೆ, ಇವತ್ತೊಂದು ದಿನ ಅದನ್ನು ಬದಿಗಿಡು. ಅಕ್ಷರ ಗುರುತಿಸಿ ಕಾಗದ ಹರಿದುಹಾಕಬೇಡ, ಕೊನೆಯವರೆಗೆ ಓದು. ಚಪ್ಪಲಿ ಮೆಟ್ಟಿಕೊಂಡೇ ಓದಿದರೆ ಇನ್ನೂ ಒಳ್ಳೆಯದು, ಯಾಕೆಂದರೆ ಓದಿ ಮುಗಿಸಿದ ಕೂಡಲೇ ನೀನು ಹಾಲೇಶಪ್ಪಕಾಕಾನ ಮನೆಗೆ ಹೋಗಬೇಕು.

ಬೆಳಿಗ್ಗೆ ಕಾಕಾನ ಮೇಳದ ಅಲ್ಲಾಬಕ್ಷನ ಫೋನಿನಿಂದ ನಿನಗೆ ಮಾಡಿದ್ದು ನಾನೇ. ನನ್ನ ದನಿ ಕೇಳಿ ನೀನು ಇಟ್ಟುಬಿಟ್ಟೆ, ಆಮೇಲೆ ಅವನ ನಂಬರನ್ನೂ ಎತ್ತಲಿಲ್ಲ. ನನ್ನ ನಂಬರಿಗಂತೂ ನಿನ್ನ ಫೋನಿನಲ್ಲಿ ಎರಡು ವರ್ಷದಿಂದ ಬಾಗಿಲು ಹಾಕಿದೆ. ಅದಕ್ಕೇ ಅಲ್ಲಾಬಕ್ಷನನ್ನೇ ಶೂಟಿಂಗಿನ ಜೀಪಿನಲ್ಲಿ ಬ್ಯಾಡಗಿಗೆ ಕಳಿಸುತ್ತಿದ್ದೇನೆ. ಅವನು ನಿನ್ನ ಜೊತೆ ಬರುತ್ತಾನೆ, ಆದರೆ ಮಾತು ನೀನು ಆಡಬೇಕು. ಕಾಕಾ ಈಗ ಅಲ್ಲಾಬಕ್ಷನ ಮಾತಿಗೂ ಕಿವಿಗೊಡುತ್ತಿಲ್ಲ. ನಿನ್ನ ಮಾತು, ಫಕ್ಕೀರವ್ವನ ಮಗಳ ಮಾತು, ತೆಗೆದುಹಾಕುವುದಿಲ್ಲ ಎಂದು ನನ್ನ ನಂಬಿಕೆ. ಜೀಪು ಹೊರಗೆ ಹೋಗಿದೆ, ಬರಲು ಇನ್ನೂ ಅರ್ಧ ಗಂಟೆ ಬೇಕಂತೆ. ಆ ಅರ್ಧ ಗಂಟೆಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಕೆಲವನ್ನು ಅಲ್ಲಾಬಕ್ಷನ ಬಾಯಿಂದ ಹೇಳಿಸಲು ಮುಖವಿಲ್ಲ.

ನಾನು ಮಾಡುತ್ತಿರುವ ಪಾತ್ರದ ಬಗ್ಗೆ ಪೇಪರಿನಲ್ಲಿ ಓದಿರುತ್ತೀ. ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲ, ಏಕತಾರಿ ಹಿಡಿದು ತತ್ವಪದ ಹಾಡುವವನು. ಮೆಣಸಿನಕಾಯಿ ಘಾಟಿಗೆ ಗಂಟಲು ಹೋಗುತ್ತದೆ, ಮೊಬೈಲಿನ ಕಾಲಕ್ಕೆ ಕೇಳುವವರೂ ಹೋಗುತ್ತಾರೆ. ಇದು ಯಾರ ಕಥೆ ಎಂದು ಪೇಪರಿನವರು ಕೇಳಿದ್ದಕ್ಕೆ, ಇಂಥ ಎಷ್ಟೋ ಕಲಾವಿದರ ಕಥೆ ಎಂದು ದೊಡ್ಡದಾಗಿ ಹೇಳಿದ್ದೇನೆ. ಎಷ್ಟೋ ಜನರದ್ದಲ್ಲ, ಒಬ್ಬರದ್ದೇ. ನಿಮ್ಮ ದಲಾಲಿ ಅಂಗಡಿಗೆ ನಲವತ್ತು ವರ್ಷ ಚೀಲ ಹೊತ್ತವರನ್ನು ನೀನು ಮೊದಲ ಸಾಲಿನಲ್ಲೇ ಗುರುತು ಹಿಡಿದಿರಬೇಕು.

ಡಿಸೆಂಬರಿನಿಂದ ಎರಡು ತಿಂಗಳು ಕಾಕಾನ ಮನೆಗೆ ಹೋಗಿಬಂದೆ. ನಿಮ್ಮ ಅಂಗಡಿ ತಪ್ಪಿಸಲು ಪ್ರತಿಸಲ ಸ್ಟೇಷನ್ ಕಡೆಯಿಂದ ಸುತ್ತುಹಾಕುತ್ತಿದ್ದೆ. ನೀನು ನನ್ನನ್ನು ಬಿಟ್ಟುಹೋದರೂ ಅವರು ಮಾತ್ರ ನನ್ನನ್ನು ಅಳಿಯಾರ ಎಂದೇ ಕರೆಯುತ್ತಿದ್ದರು. ಏನನ್ನೂ ಬಚ್ಚಿಡದೆ ಕಲಿಸಿದರು. ಏಕತಾರಿಯ ಬುರುಡೆಯನ್ನು ಎದೆಗೆ ಒತ್ತಿಕೊಳ್ಳುವುದು, ದನಿ ಏರಿಸುವ ಮೊದಲು ಎಡಗಣ್ಣು ಮುಚ್ಚುವುದು, ಪದ ಮುಗಿದ ಮೇಲೆ ಕೇಳಿದವರು ಸುಮ್ಮನಿದ್ದರೆ ತಾವೇ ನೆಲ ಮುಟ್ಟಿ ನಮಸ್ಕರಿಸುವುದು. ಕೆಲವನ್ನು ಅವರು ಕಲಿಸಿದರು, ಕೆಲವನ್ನು ನಾನು ಎತ್ತಿಕೊಂಡೆ. ಎತ್ತಿಕೊಂಡದ್ದರಲ್ಲಿ ದೊಡ್ಡದು ಅವರ ಕೆಮ್ಮು. ಎರಡು ಸಣ್ಣವು, ಒಂದಿಷ್ಟು ತಡೆದು ಒಂದು ದೊಡ್ಡದು, ಆಮೇಲೆ ಏನೂ ಆಗಿಲ್ಲವೆಂಬಂತೆ ಒಂದು ನಗು. ಹದಿನೈದು ದಿನ ಲಾಡ್ಜಿನ ಕೋಣೆಯಲ್ಲಿ ಕೆಮ್ಮಿದ್ದೇನೆ ಕಣೇ, ಪಕ್ಕದ ಕೋಣೆಯವರು ಮ್ಯಾನೇಜರನಿಗೆ ದೂರು ಕೊಡುವಷ್ಟು. ಮೊದಲ ಸಲ ಕ್ಯಾಮೆರಾ ಮುಂದೆ ಕೆಮ್ಮಿದಾಗ ಮೇಕಪ್ಪಿನ ಸುಗರಾಬಿ ಖರೇ ಅಂದುಕೊಂಡು ಬಿಸಿನೀರು ತಂದಳು. ಈ ಒಂದು ಕೆಮ್ಮಿಗೆ ಪ್ರಶಸ್ತಿ ಬರುತ್ತದೆ ಎಂದ ನಿರ್ದೇಶಕ ಯುವರಾಜ. ನನಗೆ ಎಷ್ಟು ಸುಖವಾಯಿತೆಂದು ಬರೆಯಲು ಈಗ ನಾಚಿಕೆಯಾಗುತ್ತಿದೆ.

ಆ ಹೊತ್ತು ಹಾಲೇಶಪ್ಪಕಾಕಾ ಮಾನಿಟರ್ ಮುಂದೆ ಖಾಲಿ ಚೀಲ ಹಾಸಿಕೊಂಡು ಕೂತಿದ್ದರು. ತಮ್ಮನ್ನು ತಾವು ಮೊದಲ ಸಲ ಹೊರಗಿನಿಂದ ನೋಡಿದರು. ಮುಖದಲ್ಲಿ ನಗುವಿತ್ತು, ಆದರೆ ಕೈ ಗಂಟಲ ಮೇಲೆ ಹೋಯಿತು. 'ನಾ ಹಿಂಗ ಕಾಣತೇನಿ ಅಂತ ನನಗ ಗೊತ್ತ ಇದ್ದಿಲ್ರಿ ಅಳಿಯಾರ' ಅಂದರು. ಆಮೇಲೆ 'ನೀವ ಇಷ್ಟ ಬೇಸ್ ಮಾಡಾಕತ್ತೀರಿ ಅಂದ ಮ್ಯಾಲೆ ಇನ್ನ ನಾ ಯಾಕ ಬೇಕ್ರಿ' ಅಂತ ನಕ್ಕರು. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಕ್ಕು ಸುಮ್ಮನಾಗಲಿಲ್ಲ, ಆ ಮಾತನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಮರುದಿನದ ಶಾಟಿನಲ್ಲಿ ಅದನ್ನೇ ಡೈಲಾಗ್ ಮಾಡಿ ಹೇಳಿದೆ.

ಅವತ್ತಿನಿಂದ ಅವರು ಹಾಡಿಲ್ಲ, ನಿರ್ಮಲಾ. ಇದು ನನಗೆ ಇವತ್ತು ತಿಳಿಯಿತು. ಅಲ್ಲಾಬಕ್ಷ ಅವರ ಮೇಳದಲ್ಲಿ ಇಪ್ಪತ್ತು ವರ್ಷದಿಂದ ದಮ್ಮಡಿ ಬಾರಿಸುವವನು, ಸುಳ್ಳು ಹೇಳುವ ಮನುಷ್ಯನಲ್ಲ. ಹಿಂದಿನ ವಾರ ಭಜನೆಗೆ ಕೂತು, ದನಿ ಏರಿಸಲು ಹೋಗಿ, ಎಡಗಣ್ಣು ಮುಚ್ಚಿದ್ದೇ ತಡ ಥಟ್ಟನೆ ನಿಲ್ಲಿಸಿಬಿಟ್ಟರಂತೆ. ಎರಡನೇ ಸಲ ಎತ್ತಿಕೊಂಡರು, ಮತ್ತೆ ಅಲ್ಲಿಗೇ ನಿಂತಿತು. ಯಾಕ ಅಂತ ಕೇಳಿದರೆ 'ಇದು ಅಳಿಯಾರ ಧಾಟಿ ಆಗೇತೋ, ನಂದ ಎಲ್ಲಿ ಐತಿ ಹುಡುಕಬೇಕು' ಅಂದರಂತೆ. ಕೆಮ್ಮು ಬಂದರೂ ಬಾಯಿಗೆ ಟವೆಲ್ ಒತ್ತಿ ಒಳಗೇ ನುಂಗುತ್ತಾರಂತೆ, ಯಾರಾದರೂ ನೋಡಿಯಾರು ಎಂಬಂತೆ. ಹೆಂಡತಿ ಕರಿಯವ್ವ ಇದ್ದಿದ್ದರೆ ಬೈದು ಹಾಡಿಸುತ್ತಿದ್ದಳು. ಅವಳು ಕುಮಾರಪಟ್ಟಣದಲ್ಲಿ ಮಗಳು ಅರುಣಾಳ ಬಾಣಂತನಕ್ಕೆ ಹೋಗಿ ತಿಂಗಳಾಯಿತು. ಮನೆಯಲ್ಲಿ ಅವರೊಬ್ಬರೇ.

ಈಗ ಸೋಮವಾರದ ಮಾತು. ಸೋಮವಾರ ಬ್ಯಾಡಗಿಯಲ್ಲಿ ಮಾರ್ಕೆಟ್ ದಿನ, ಅದೂ ಸೀಜನ್ನಿನ ಫೆಬ್ರವರಿ. ಅವರು ಸೋಮವಾರದ ಕೆಲಸ ತಪ್ಪಿಸಿದ್ದನ್ನು ನೀನು ಎಷ್ಟು ಸಲ ಕಂಡಿದ್ದೀಯೋ ಲೆಕ್ಕ ಹಾಕು. ಅಂಥಾ ದಿನ ಬಸ್ಸು ಹತ್ತಿ ಹಾವೇರಿಗೆ ಬಂದರು. ನಮ್ಮದು ಸರಕಾರಿ ಕಚೇರಿಯ ಮೆಟ್ಟಿಲ ಮೇಲೆ ಶೂಟಿಂಗ್ ನಡೆದಿತ್ತು, ಪದಗಾರ ಕಲಾವಿದರ ಮಾಸಾಶನಕ್ಕೆ ಅರ್ಜಿ ಹಿಡಿದು ಅಲೆಯುವ ದೃಶ್ಯ. ಕಾಕಾ ಗಡ್ಡ ಬೋಳಿಸಿಕೊಂಡಿದ್ದರು, ಬೆಳ್ಳನೆಯ ಧೋತರ ಉಟ್ಟಿದ್ದರು. ಬಗಲಲ್ಲಿ ಟವೆಲ್ ಸುತ್ತಿದ ಏಕತಾರಿ. 'ತಗೋರಿ ಅಳಿಯಾರ, ಇನ್ನ ಇದು ನಿಮ್ಮ ಕೈಗ ಕೂಡತೈತಿ' ಎಂದು ಕೊಟ್ಟರು. ಎಲ್ಲರ ಮುಂದೆ ಅವರ ಕಾಲು ಮುಟ್ಟಿದೆ. ಯೂನಿಟ್ಟಿನವರು ಫೋಟೋ ತೆಗೆದರು, ಗುರುವೇ ವಾದ್ಯ ಕೊಟ್ಟು ಹರಸಿದರೆಂದು ಸಂಜೆಯೊಳಗೆ ಎಲ್ಲ ಕಡೆ ಹಂಚಿದರು. ನೀನೂ ನೋಡಿರಬಹುದು. ಏಕತಾರಿಗೆ ತಂತಿ ಇರಲಿಲ್ಲ. ಬಸ್ಸಿನ ನೂಕಾಟದಲ್ಲಿ ಹರಿದೀತೆಂದು ಬಿಚ್ಚಿದ್ದಾರೆ ಅಂದುಕೊಂಡೆ. ಹೊಸ ತಂತಿ ಹಾಕಿಸಿ ಮರುದಿನ ಬಾರಿಸಿಯೂ ಬಿಟ್ಟೆ.

ಇವತ್ತು ಒಂದು ದೃಶ್ಯಕ್ಕೆ ದಮ್ಮಡಿ ಬಾರಿಸಲು ಬಂದ ಅಲ್ಲಾಬಕ್ಷ ಅದನ್ನು ನೋಡಿದ. ಹಳೇ ತಂತಿ ಎಲ್ಲಿ ಎಂದು ಕೇಳಿದ. ಬರುವಾಗಲೇ ಇರಲಿಲ್ಲ ಅಂದೆ. ಅವನು ದಮ್ಮಡಿ ಕೆಳಗಿಟ್ಟ. 'ನಮ್ಮ ಮೇಳದಾಗ ತಂತಿ ಬಿಚ್ಚೂದು ಮನಿಷಾ ಹ್ವಾದ ದಿನಾರಿ ಸರ. ಉಳದಾವ್ರು ಬಿಚ್ಚಿ, ವಾದ್ಯಾ ಅವನ ಮಗ್ಗಲಕ ಇಡತಾರ. ಇದ್ದಾಂವ ತನ್ನ ಕೈಲೆ ಬಿಚ್ಚಿದ್ದನ್ನ ನಾ ಕಂಡಿಲ್ಲ' ಅಂದ. ನಿನ್ನೆ ಸಂಜೆ ಚಹಾದಂಗಡಿ ಮುಂದೆ ಕಾಕಾ ಅವನ ಹೆಗಲ ಮೇಲೆ ಕೈಯಿಟ್ಟು, ನಾಳೆ ಚಂದಂಗ ಬಾರಸು ಅಂದಿದ್ದರಂತೆ. ಅದನ್ನು ನೆನೆಸಿಕೊಂಡು ಅಳತೊಡಗಿದ. ಬೆಳಿಗ್ಗೆಯಿಂದ ಹತ್ತು ಸಲ ಫೋನ್ ಮಾಡಿದ್ದೇವೆ. ಸ್ವಿಚ್ ಆಫ್.

ಇಷ್ಟೆಲ್ಲ ಗೊತ್ತಿದ್ದೂ ನಾನೇ ಯಾಕೆ ಹೋಗುತ್ತಿಲ್ಲ ಎಂದು ನೀನು ಕೇಳುತ್ತೀ. ಹಾವೇರಿಯಿಂದ ಬ್ಯಾಡಗಿ ಏನು ಕಾಶಿಯೇ? ನಾಲ್ಕು ಗಂಟೆಗೆ ಶಾಟ್ ಇದೆ. ಅದು ಸುಳ್ಳಲ್ಲ, ಆದರೆ ಕಾರಣ ಅದಲ್ಲ.

ಅತ್ತೆಯವರು ತೀರಿಕೊಂಡ ದಿನ ನೀನು ಅವರ ಪಕ್ಕ ಕೂತು, ಅಳುತ್ತ, ಅವರ ಸೆರಗಿನ ಅಂಚನ್ನು ಸರಿಮಾಡುತ್ತಿದ್ದೆ. ಸರಿಯಾಗಿಯೇ ಇದ್ದದ್ದನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದೆ. ಆರು ತಿಂಗಳ ಮೇಲೆ ರಾಣೆಬೆನ್ನೂರಿನ ನಾಟಕದಲ್ಲಿ ನಾನು ಸತ್ತ ತಾಯಿಯ ಮುಂದೆ ಕೂತ ಮಗನಾಗಿ ಅದನ್ನೇ ಮಾಡಿದೆ. ಇಡೀ ಸಭಾಂಗಣ ಅತ್ತಿತು. ನೀನು ಮೂರನೇ ಸಾಲಿನಿಂದ ಎದ್ದು ಹೊರಗೆ ಹೋದೆ. ಮನೆಗೆ ಬಂದ ಮೇಲೆ, ನಮ್ಮವ್ವ ಹ್ವಾದಾಗ ನೀವು ಅಳಾಕ ಬಂದಿದ್ದಿಲ್ಲ, ನೋಡಾಕ ಬಂದಿದ್ರಿ ಅಂತ ಒಂದೇ ಮಾತು ಹೇಳಿ ನೀನು ಬ್ಯಾಗು ತುಂಬಿಕೊಂಡೆ. ಕಲಾವಿದನ ಹಣೆಬರಹವೇ ಅದು ಎಂದು ನಾನು ಎರಡು ವರ್ಷ ಎಲ್ಲರ ಮುಂದೆ ವಾದಿಸಿದ್ದೇನೆ. ಅವತ್ತು ಅತ್ತೆಯವರ ಮುಂದೆ ಭಜನೆಗೆ ಕೂತಿದ್ದವರು ಹಾಲೇಶಪ್ಪಕಾಕಾ. ಅವರ ಎಡಗಣ್ಣನ್ನೂ ನಾನು ಮೊದಲು ನೋಡಿದ್ದು ಅವತ್ತೇ. ಹಾಗಾದರೆ ನೀನು ಹೇಳಿದ್ದು ನಿಜವೇ ಅಲ್ಲವೇ?

ಆ ಮನೆಯ ಬಾಗಿಲು ನಾನು ತಳ್ಳಿದರೆ, ಒಳಗೆ ಏನೇ ಇರಲಿ, ಮೊದಲು ನೋಡುತ್ತೇನೆ. ಅವರು ಹೇಗೆ ಕೂತಿದ್ದಾರೆ, ಕೈ ಎಲ್ಲಿಟ್ಟಿದ್ದಾರೆ, ಬೆಳಕು ಯಾವ ಕಡೆಯಿಂದ ಬಿದ್ದಿದೆ. ಮನುಷ್ಯನಾಗುವುದು ಆಮೇಲೆ. ನನಗೆ ನನ್ನ ಕಣ್ಣಿನ ಮೇಲೆ ಭರವಸೆ ಇಲ್ಲ, ನಿಮ್ಮೀ. ಹೆದರಿಕೆಯಾಗಿದೆ. ನೀನಾದರೆ ನೋಡುತ್ತ ನಿಲ್ಲುವುದಿಲ್ಲ, ಹೋಗಿ ಕೈ ಹಿಡಿಯುತ್ತೀ.

ಇದ್ದರೆ ಬೈ. ನಾಳೆ ಗುರುವಾರ, ಮಾರ್ಕೆಟ್ ಇದೆ, ಚೀಲ ಯಾರು ಹೊರಬೇಕು ಎಂದು ಜೋರು ಮಾಡು. ನಿಮ್ಮ ಮನೆಗೆ ಕರೆದುಕೊಂಡು ಹೋಗಿ ಒಂದು ರೊಟ್ಟಿ ತಿನ್ನಿಸು, ಒಬ್ಬರನ್ನೇ ಬಿಡಬೇಡ. ನಾನು ಆ ಪಾತ್ರ ಬಿಟ್ಟುಬಿಟ್ಟೆ ಎಂದು ಹೇಳು ಅಂತ ಬರೆಯಲು ಹೊರಟೆ. ಕೈ ಏಳಲಿಲ್ಲ. ಮೂವತ್ತು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಒಂದು ಪಾತ್ರ ಇದು. ನಾನು ಎಂಥವನು ಎಂದು ನಿನಗೆ ಮೊದಲೇ ಗೊತ್ತಿರುವುದರಿಂದ ಮುಚ್ಚಿಡುತ್ತಿಲ್ಲ.

ಇಂತಿ,
ನಿನ್ನವನು ಎಂದು ಬರೆಯುವ ಹಕ್ಕು ಕಳೆದುಕೊಂಡ
ಶಶಿಕಾಂತ

ತಾಜಾ ಕಲಂ: ಜೀಪು ಬಂತು. ಕಾಗದವನ್ನು ಅಲ್ಲಾಬಕ್ಷನ ಕೈಗೆ ಕೊಟ್ಟವನು ಮತ್ತೆ ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಮುಚ್ಚಿಡುತ್ತಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು.

ಮನೆಗೆ ಬೀಗ ಹಾಕಿದ್ದು, ಅಕ್ಕಪಕ್ಕದವರು ಕುಮಾರಪಟ್ಟಣಕ್ಕೆ ಮಗಳ ಹತ್ತಿರ ಹೋಗ್ಯಾರ ಅಂದರೆ, ಸದ್ಯ ಮೊಮ್ಮಗನನ್ನು ನೋಡಲು ಹೋದರಲ್ಲ ಎಂದು ನೀನು ನಿಶ್ಚಿಂತೆಯಿಂದ ಅಂಗಡಿಗೆ ವಾಪಸಾಗುತ್ತೀ. ಹಾಗೆ ಮಾಡಬೇಡ. ಕರಿಯವ್ವ ನಿಮ್ಮಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಲು ಬರುವವಳು, ಅರುಣಾಳ ನಂಬರು ನಿನ್ನ ಹತ್ತಿರ ಇದ್ದೇ ಇರುತ್ತದೆ. ನಿಂತ ಕಾಲಲ್ಲೇ ಫೋನ್ ಮಾಡು. ಅಪ್ಪ ಮನೆಯಲ್ಲಿ ಇಲ್ಲವೆಂದರೆ ಗಂಡಸರನ್ನು ಆ ಊರಿನ ಹೊಳೆಯ ಮೆಟ್ಟಿಲ ಕಡೆ ಓಡಿಸಲು ಹೇಳು. ನಾಳೆ ಬೆಳಿಗ್ಗೆ ಅಲ್ಲಿ ನಮ್ಮ ಚಿತ್ರದ ಕೊನೆಯ ದೃಶ್ಯವಿದೆ. ಪದಗಾರ ಮಗಳ ಮನೆಗೆಂದು ಹೊರಟು, ಆ ಮೆಟ್ಟಿಲು ಇಳಿದು ತುಂಗಭದ್ರೆಗೆ ಹೋಗುತ್ತಾನೆ, ತಿರುಗಿ ಬರುವುದಿಲ್ಲ. ಯುವರಾಜ ಬರೆದ ಕಥೆಯಲ್ಲಿ ಅವನು ಸಾಯುವುದಿಲ್ಲ, ಮೊಮ್ಮಗನ ತೊಟ್ಟಿಲ ಮುಂದೆ ಒಡಕು ದನಿಯಲ್ಲೇ ಹಾಡುತ್ತಾನೆ. ಅದು ಸಪ್ಪೆಯಾಯಿತು ಎಂದು ಹಟ ಹಿಡಿದು ಬದಲಾಯಿಸಿದವನು ನಾನು.

ಶಾಟಿಗೆ ಇರುವುದಿಲ್ಲ ಎಂದು ಇಲ್ಲಿ ಯಾರಿಗೂ ಹೇಳಿಲ್ಲ. ರಾಣೆಬೆನ್ನೂರಿನ ಬಸ್ಸು ಹತ್ತುತ್ತೇನೆ, ಅಲ್ಲಿಂದ ಆಟೋ ಹಿಡಿದು ಹೊಳೆಗೆ. ನೀನು ಬ್ಯಾಡಗಿಯಲ್ಲಿ ಹುಡುಕು.

ಸೋಮವಾರ ಏಕತಾರಿ ಕೊಟ್ಟ ಮೇಲೆ ಇಬ್ಬರೂ ಚಹಾ ಕುಡಿದೆವು. ಚಿತ್ರದಾಗ ಕಡೀಕ ಅಂವಂದು ಏನಾಗತೈತ್ರಿ ಎಂದು ಕೇಳಿದರು. ಎಲ್ಲ ಹೇಳಿದೆ, ಊರು, ಮೆಟ್ಟಿಲು, ಬೆಳಗಿನ ಹೊತ್ತು. ಕಾಕಾ ಕಪ್ಪು ಕೆಳಗಿಟ್ಟು, ಅಂವಗ ಬ್ಯಾರೆ ದಾರಿನ ಇದ್ದಿಲ್ಲೇನ್ರಿ ಅಳಿಯಾರ ಅಂದರು. ಆ ಪಾತ್ರವನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲವೆಂಬ ಹುರುಪಿನಲ್ಲಿದ್ದೆ. ಇದ್ದಿಲ್ಲ ಬಿಡ್ರಿ ಅಂದೆ.