ಸಾರಮ್ಮನ ಹೆಸರಿನಲ್ಲಿ ಗಡಾಯಿಕಲ್ಲು

ಕೊಡಿಯಾಲ್‌ಬೈಲ್, ಮಂಗಳೂರು
ಗುರುವಾರ, 9 ಜನವರಿ 2025

ಅಫ್ರೋಝನ ಉಪ್ಪನಿಗೆ ಸಬೀನಾಳ ಅಸ್ಸಲಾಮು ಅಲೈಕುಂ.

ನಿಮ್ಮ ಮಂಡಿನೋವು ಈಗ ಹೇಗಿದೆ? ದಮ್ಮಾಮಿನಲ್ಲಿ ಈ ವರ್ಷ ಚಳಿ ಜಾಸ್ತಿ ಎಂದು ಕೆಳಗಿನ ಮಹಡಿಯ ಉಮರಬ್ಬನವರು ಹೇಳಿದರು. ಅಂಗಡಿಯಲ್ಲಿ ದಿನವಿಡೀ ನಿಂತೇ ಇರಬೇಡಿ, ಗಿರಾಕಿ ಇಲ್ಲದಾಗಲಾದರೂ ಸ್ವಲ್ಪ ಕುಳಿತುಕೊಳ್ಳಿ. ಉಮರಬ್ಬನವರ ರಜೆ ಮುಗಿಯಿತು, ಈ ಸಂಜೆಯೇ ಬಜಪೆಯಿಂದ ದಮ್ಮಾಮಿಗೆ ವಿಮಾನ ಹತ್ತುತ್ತಾರೆ. ಅವರ ಕೈಯಲ್ಲಿ ಮಾವಿನ ಉಪ್ಪಿನಕಾಯಿಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಫೋನ್ ಇರುವಾಗ ಕಾಗದ ಯಾಕೆ ಎಂದು ನೀವು ನಗಬಹುದು. ಫೋನಿನಲ್ಲಿ ನೀವು "ಎಂತ ವಿಶೇಷ?" ಎನ್ನುತ್ತೀರಿ, ನಾನು "ಎಂತ ಇಲ್ಲ" ಎನ್ನುತ್ತೇನೆ, ಅಷ್ಟರಲ್ಲಿ ಅಂಗಡಿಗೆ ಯಾರೋ ಬರುತ್ತಾರೆ. ನಾವು ಮಾತಾಡುವುದು ಬ್ಯಾರಿ, ನನಗೆ ಬರೆಯಲು ಬರುವುದು ಶಾಲೆಯಲ್ಲಿ ಕಲಿತ ಕನ್ನಡ. ಹಾಗಾಗಿ ನನ್ನ ಮಾತು ನಿಮಗೆ ಸ್ವಲ್ಪ ದೂರ ನಿಂತು ಆಡಿದಂತೆ ಕೇಳಿಸಬಹುದು. ಬೇಜಾರು ಮಾಡಿಕೊಳ್ಳಬೇಡಿ.

ಕಳೆದ ಭಾನುವಾರ ನಾನು ಗಡಾಯಿಕಲ್ಲು ಹತ್ತಿದೆ. ಬೆಳ್ತಂಗಡಿಯ ಆಚೆ ಒಂದೇ ಬಂಡೆಯ ಹಾಗೆ ನಿಂತಿರುವ ಅದೇ ಬೆಟ್ಟ. ಮದುವೆಯಾದ ಹೊಸತರಲ್ಲಿ ಬಸ್ಸಿನ ಕಿಟಕಿಯಿಂದ ನೀವು ತೋರಿಸಿದ್ದಿರಿ. ನಿಮ್ಮ ಉಮ್ಮನ ಕೊನೆಯ ದಿನಗಳಲ್ಲಿ ಗಾಯಕ್ಕೆ ಬಟ್ಟೆ ಕಟ್ಟಲು ಮನೆಗೆ ಬರುತ್ತಿದ್ದ ನರ್ಸ್ ಕ್ರಿಸ್ಟಿನ್ ನೆನಪಿರಬಹುದು. ಅವರ ತಂಡ ಹಳ್ಳಿಗಳಲ್ಲಿ ಮಲಗಿರುವ ಕ್ಯಾನ್ಸರ್ ರೋಗಿಗಳ ಮನೆಗೂ ಹೋಗಬೇಕು, ಅದಕ್ಕೊಂದು ವ್ಯಾನ್ ಬೇಕು ಎಂದು ಈ ಹತ್ತುವ ಕಾರ್ಯಕ್ರಮ ಇಟ್ಟಿದ್ದರು. ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಬಂದಿದ್ದವರು ಅವರ ಹೆಸರಿನಲ್ಲಿ ಹತ್ತುವುದು, ಪರಿಚಯದವರು ಕೈಲಾದಷ್ಟು ಕೊಡುವುದು. "ನೀವು ಬರ್ತೀರಾ ಸಬೀನಾ?" ಎಂದು ಕ್ರಿಸ್ಟಿನ್ ಕೇಳಿದಾಗ ಯೋಚಿಸದೆ ಹೂಂ ಎಂದೆ. ಆಮೇಲೆ ಒಂದೂವರೆ ತಿಂಗಳು ಲಿಫ್ಟ್ ಬಿಟ್ಟು ನಾಲ್ಕು ಮಹಡಿ ಹತ್ತಿ ಇಳಿದೆ. ಪಕ್ಕದ ಮನೆಯ ಯೂಸ್ಟೇಸ್ ಮಾಮ್ ದಿನಾ ಬಾಗಿಲಲ್ಲಿ ನಿಂತು, "ಎಂತ ಮಾರಾಯ್ತಿ, ಲಿಫ್ಟ್ ಸರಿ ಉಂಟಲ್ಲ?" ಎಂದು ಕೇಳುತ್ತಿದ್ದರು. ಇಡೀ ದಿನದಲ್ಲಿ ನನ್ನೊಡನೆ ಯಾರಾದರೂ ಆಡುವ ಮಾತು ಕೆಲವು ಸಲ ಅದೊಂದೇ.

ಇದನ್ನು ದೂರು ಎಂದು ಬರೆಯುತ್ತಿಲ್ಲ. ನಮ್ಮ ಅಫ್ರೋಝ್ ಹಾಸ್ಟೆಲಿನಿಂದ ಭಾನುವಾರ ಬಂದು, ಬಟ್ಟೆ ಒಗೆಯಲು ಹಾಕಿ, ಮೊಬೈಲ್ ನೋಡುತ್ತಲೇ ಊಟ ಮಾಡಿ ಹೋಗುತ್ತಾನೆ. ಒಳ್ಳೆಯ ಹುಡುಗ, ಆ ಪ್ರಾಯವೇ ಹಾಗೆ. ಉಮ್ಮ ಇದ್ದಾಗ ಬೆಳಿಗ್ಗೆಯಿಂದ ನನ್ನನ್ನು ಹತ್ತು ಸಲ ಕರೆಯುತ್ತಿದ್ದರು, ನನಗೆ ಸಿಟ್ಟೂ ಬರುತ್ತಿತ್ತು. ಈಗ ಅವರ ಕೋಣೆಯಲ್ಲಿ ಬಟ್ಟೆ ಮಡಚುತ್ತೇನೆ, ರೇಡಿಯೋ ಹಾಕಿಕೊಂಡು.

ಉಮ್ಮನ ವಿಷಯ ನಾವು ಸರಿಯಾಗಿ ಮಾತಾಡಲೇ ಇಲ್ಲ. ಎದೆಯ ಗಂಟನ್ನು ಅವರು ಎಂಟು ತಿಂಗಳು ಮುಚ್ಚಿಟ್ಟಿದ್ದರು. ಒಗೆಯುವ ಬಟ್ಟೆಯಲ್ಲಿ ಕಲೆ ಕಂಡು ನಾನು ಕೇಳಿದಾಗ ನನ್ನ ಕೈ ಹಿಡಿದುಕೊಂಡು, "ಸಲಾಮನಿಗೆ ಹೇಳ್ಬೇಡ ಮಗಳೇ. ಅವ ಅಲ್ಲಿ ಒಬ್ಬನೇ ಇರುದು, ಊಟ ಬಿಡ್ತಾನೆ" ಎಂದರು. ಆ ಮಾತಿಗೆ ಕಟ್ಟುಬಿದ್ದು ಎರಡು ತಿಂಗಳು ನಾನೊಬ್ಬಳೇ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ನಿಮಗೆ ಗೊತ್ತಾಗಿ ನೀವು ಬಂದು ಇದ್ದದ್ದು ಹನ್ನೊಂದು ದಿನ. ವಾಪಸು ಹೋದ ನಾಲ್ಕನೇ ದಿನ ಉಮ್ಮ ತೀರಿಕೊಂಡರು. ಅಂದು ಫೋನಿನಲ್ಲಿ ನೀವು ಅಳಲಿಲ್ಲ. "ನೀನು ಮೊದಲೇ ಯಾಕೆ ಹೇಳ್ಲಿಲ್ಲ?" ಎಂದಷ್ಟೇ ಕೇಳಿದಿರಿ. ಮತ್ತೆ ಎಂದೂ ಕೇಳಲಿಲ್ಲ. ಆದರೆ ಈ ಎರಡು ವರ್ಷಗಳಲ್ಲಿ ನಮ್ಮ ಮಾತುಗಳೆಲ್ಲ ಚಿಕ್ಕವಾದವು. ಹೇಳದೆ ಇದ್ದದ್ದು ತಪ್ಪು. ಅದನ್ನು ನಾನು ಒಪ್ಪಿಕೊಳ್ಳುತ್ತೇನೆ.

ಬೆಟ್ಟದ ಬುಡದಲ್ಲಿ ಎಲ್ಲರಿಗೂ ಬೆನ್ನಿಗೆ ಕಟ್ಟಲು ಒಂದೊಂದು ಬಟ್ಟೆಯ ತುಂಡು ಕೊಟ್ಟು, ಯಾರಿಗಾಗಿ ಹತ್ತುತ್ತೇವೋ ಅವರ ಹೆಸರು ಬರೆಯಲು ಹೇಳಿದರು. ನಾನು "ಸಾರಮ್ಮ, ಜೆಪ್ಪು" ಎಂದು ಬರೆದೆ. ಫ್ಲ್ಯಾಟಿಗೆ ಬಂದು ಎಷ್ಟು ವರ್ಷವಾದರೂ ಉಮ್ಮ ತಮ್ಮ ಊರು ಜೆಪ್ಪು ಎಂದೇ ಹೇಳುತ್ತಿದ್ದರಲ್ಲ. ಬುರ್ಖಾದ ಕೆಳಗೆ ಅಫ್ರೋಝನ ಹಳೆಯ ಶೂ, ಅದು ಜಾರದಂತೆ ಎರಡು ಜೊತೆ ಸಾಕ್ಸ್. ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳು, ಎರಡು ಸಾವಿರಕ್ಕೆ ಹತ್ತಿರವಂತೆ, ಕೆಲವು ಮೊಣಕಾಲೆತ್ತರ. ಅರ್ಧದಲ್ಲಿ ಉಸಿರು ಸಿಗದೆ ಗೋಡೆ ಹಿಡಿದು ನಿಂತೆ. ಆಗ ಹಿಂದಿನಿಂದ ಬರುತ್ತಿದ್ದ ಕಾಲೇಜಿನ ಹುಡುಗಿಯರು ಬೆನ್ನ ಮೇಲಿನ ಹೆಸರು ಓದಿ, ಅದು ನನ್ನದೇ ಎಂದುಕೊಂಡು, "ಸಾರಮ್ಮ ಆಂಟಿ, ಅರ್ಜೆಂಟ್ ಇಲ್ಲ. ಸ್ವಲ್ಪ ಕೂತ್ಕೊಳ್ಳಿ" ಎಂದು ಕರೆದರು. ಯಾರಾದರೂ ಆ ಹೆಸರು ಹಿಡಿದು ಕರೆಯದೆ ಎರಡು ವರ್ಷವಾಗಿತ್ತು. ನಾನು ತಿರುಗಿ ನೋಡಿದೆ. ಅವರನ್ನು ತಿದ್ದಲಿಲ್ಲ. ತುದಿಯವರೆಗೂ ಅವರು ನನ್ನನ್ನು ಸಾರಮ್ಮ ಎಂದೇ ಕರೆದರು, ನಾನು ಓಗೊಟ್ಟೆ.

ಮೇಲೆ ಎಲ್ಲರೂ ಮನೆಯವರೊಂದಿಗೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ಒಂದು ಕಡೆ ನೆರಳಿಗೆ ಕುಳಿತು ಬುತ್ತಿಯ ಪತ್ತಿರಿ ತಿಂದೆ. ಆಚೆ ಕುದುರೆಮುಖದ ಸಾಲು ಅಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು, ಯಾರಿಗಾದರೂ ತೋರಿಸಬೇಕು ಎನಿಸಿತು. ನಿಮಗೆ ಫೋನ್ ಮಾಡಿದೆ. "ಎಂತ ಅಷ್ಟು ಗಾಳಿ?" ಎಂದಿರಿ. "ಟೆರೇಸಿನಲ್ಲಿ ಬಟ್ಟೆ ಹಾಕ್ತಿದ್ದೇನೆ" ಎಂದೆ. "ಇಲ್ಲಿ ಲೋಡ್ ಬಂದಿದೆ, ಆಮೇಲೆ ಮಾಡ್ತೇನೆ" ಎಂದು ಇಟ್ಟಿರಿ. ಸುಳ್ಳು ಯಾಕೆ ಹೇಳಿದೆನೋ ಗೊತ್ತಿಲ್ಲ. ಇಳಿಯುವಾಗ ಕಾಲು ನಡುಗುತ್ತಿದ್ದದ್ದರಿಂದ ಕ್ರಿಸ್ಟಿನ್ ಕೊನೆಯವರೆಗೂ ಕೈ ಹಿಡಿದುಕೊಂಡಿದ್ದರು.

ಬಾಕಿ ಎಲ್ಲ ಕ್ಷೇಮ. ಉಪ್ಪಿನಕಾಯಿಯನ್ನು ಒದ್ದೆ ಚಮಚದಲ್ಲಿ ಮುಟ್ಟಬೇಡಿ. ಕೋಣೆಯಲ್ಲಿ ಜೊತೆಗಿರುವವರಿಗೂ ಕೊಡಿ, ಅವರಿಗೆ ನನ್ನ ಸಲಾಂ ಹೇಳಿ. ಅಲ್ಲಾಹು ನಿಮ್ಮನ್ನು ಆರೋಗ್ಯದಿಂದ ಇಟ್ಟಿರಲಿ.

ನಿಮ್ಮ
ಸಬೀನಾ

ಮರೆತ ಮಾತು: ಉಮರಬ್ಬನವರ ಕಾರು ಕೆಳಗೆ ಬಂದಿದೆ. ಅಂಟಿಸಿದ ಕವರನ್ನು ಮತ್ತೆ ಒಡೆದು ಬರೆಯುತ್ತಿದ್ದೇನೆ. ಡಿಸೆಂಬರಿನಲ್ಲಿ ನನ್ನ ಎಡ ಎದೆಯಲ್ಲೂ ಒಂದು ಗಂಟು ಸಿಕ್ಕಿತು. ಕ್ರಿಸ್ಟಿನ್ ಜೊತೆ ಹೋಗಿ ಸೂಜಿ ಪರೀಕ್ಷೆ ಮಾಡಿಸಿದೆ. ಬೆಟ್ಟ ಹತ್ತುವಾಗ ಫಲಿತಾಂಶ ಬಂದಿರಲಿಲ್ಲ. ಮೊನ್ನೆ ಮಂಗಳವಾರ ಬಂತು. ಅದೇ ಕಾಯಿಲೆ. ಸಣ್ಣದಿರುವಾಗಲೇ ಸಿಕ್ಕಿದೆ, ಗುಣವಾಗುತ್ತದೆ ಎಂದು ಡಾಕ್ಟರ್ ಹೇಳಿದ್ದಾರೆ. ಇಪ್ಪತ್ತೇಳಕ್ಕೆ ಆಪರೇಷನ್. ಅಫ್ರೋಝನಿಗೆ ಇನ್ನೂ ಹೇಳಿಲ್ಲ, ಮೊದಲು ನಿಮಗೇ ಹೇಳುತ್ತಿರುವುದು. ಮನೆಯವರ ಸಹಿ ಬೇಕಂತೆ. ಯೂಸ್ಟೇಸ್ ಮಾಮ್ ಹಾಕುತ್ತೇನೆ ಎಂದರು, ನಾನು ಬೇಡ ಎಂದೆ. ನೀವು ಬನ್ನಿ. ನನಗೆ ಹೆದರಿಕೆ ಆಗುತ್ತಿದೆ.