ಸುಬೇದಾರನ ಜಾಗ

ಕಂಪ್ಲಿ,
೨೫ ಅಕ್ಟೋಬರ್ ೧೯೩೭, ಸೋಮವಾರ

ನನ್ನ ಮುದ್ದಿನ ಅವ್ವನಿಗೆ, ಅನಂತಪುರದ ಕಡೆಗೆ ಮುಖ ಮಾಡಿ ನಿಮ್ಮ ನಾಗು ಮಾಡುವ ಶರಣು.

ಅವ್ವಾ, ನಾನು ಸುಬೇದಾರನ ಜಾಗದಲ್ಲಿ ಕೂತು ಬಂಡ್ರಿಯಿಂದ ಕಂಪ್ಲಿಯವರೆಗೆ ಮೋಟಾರ್ ಸೈಕಲ್ಲಿನಲ್ಲಿ ಬಂದೆ, ನಿನ್ನ ಅಳಿಯ ಎರಡು ತಿಂಗಳ ಮೇಲೆ ಬಾಯಿ ತುಂಬ ನಕ್ಕರು, ಮತ್ತು ನನ್ನ ಕೈಕಾಲು ಎಲ್ಲ ಇದ್ದಲ್ಲೇ ಇವೆ! ಈಗ ನೀನು ಕಾಗದ ಕೆಳಗಿಟ್ಟು, ಅಪ್ಪನನ್ನು ಕೂಗಿ, ಮಗಳನ್ನು ಇಂಗ್ಲಿಷ್ ಓದಿಸಿದ್ದಕ್ಕೆ ಅವರನ್ನು ಚೆನ್ನಾಗಿ ಬೈದು, ಒಂದು ಲೋಟ ನೀರು ಕುಡಿದು ಮುಂದೆ ಓದು. ಆ ಗಾಡಿ ಹತ್ತುವುದಿಲ್ಲವೆಂದು ಮದುವೆಯ ಚಪ್ಪರದಲ್ಲಿ ನಿನಗೆ ಮಾತು ಕೊಟ್ಟಿದ್ದೆ. ಐದು ತಿಂಗಳು ಉಳಿಸಿಕೊಂಡೆ. ಆರನೆಯ ತಿಂಗಳು ಮುರಿದೆ. ಯಾಕೆ ಎಂದು ಹೇಳುವುದಕ್ಕೇ ಇಷ್ಟು ದೊಡ್ಡ ಕಾಗದ.

ಸುಬೇದಾರನನ್ನು ನೀನು ಮರೆತಿರಲಾರೆ. ಬೀಗರೆಲ್ಲ ರೈಲಿನಲ್ಲಿ ಬಂದರೆ ಮದುಮಗ ತೊಂಬತ್ತು ಮೈಲಿ ಧೂಳು ಹೊತ್ತುಕೊಂಡು ಮೋಟಾರ್ ಸೈಕಲ್ಲಿನಲ್ಲಿ ಬಂದಿಳಿದರಲ್ಲ, ಆಗ ಪಕ್ಕದ ಸೈಡ್‌ಕಾರಿನಲ್ಲಿ ಕಪ್ಪು ಕಂಬಳಿಯ ಮೇಲೆ ನೆಟ್ಟಗೆ ಕೂತಿದ್ದ ಕುರಿ ಕಾಯುವ ಜಾತಿಯ ನಾಯಿ. ಎದುರುಗೊಳ್ಳಲು ತಂದ ಆರತಿಯನ್ನು ಅದು ತನಗೇ ಎಂಬಂತೆ ನೋಡಿತ್ತು. ಸೈಡ್‌ಕಾರಿಗೆ ಇಲ್ಲಿ ಎಲ್ಲರೂ ಬುಟ್ಟಿ ಅನ್ನುತ್ತಾರೆ. ಒಂಬತ್ತು ವರ್ಷ ಆ ಬುಟ್ಟಿ ಅವನದು. ಇವರೂ ಅವನೂ ಮದ್ರಾಸಿಗೆ ಎರಡು ಸಲ, ಮೈಸೂರಿಗೆ ಒಂದು ಸಲ, ಸಮುದ್ರ ನೋಡಲೆಂದೇ ಕಾರವಾರಕ್ಕೆ ಒಂದು ಸಲ ಹೋಗಿ ಬಂದಿದ್ದರು. ಮದ್ರಾಸಿನ ದಾರಿಯಲ್ಲಿ ಒಬ್ಬ ಪೊಲೀಸಿನವನು ಇವನಿಗೆ ಸಲಾಮು ಹೊಡೆದನಂತೆ, ಇವರಿಗಲ್ಲ. ಹೆಸರು ಬಂದದ್ದೇ ಹಾಗೆ.

ಮದುವೆಯಾದ ಹೊಸದರಲ್ಲಿ ನಾನೊಮ್ಮೆ ತಮಾಷೆಗೆ ಬುಟ್ಟಿಯೊಳಗೆ ಕಾಲಿಡಲು ಹೋದೆ. ಸುಬೇದಾರ ಬೊಗಳಲಿಲ್ಲ. ಸರಿಯಲೂ ಇಲ್ಲ. ತಪ್ಪು ಡಬ್ಬಿ ಹತ್ತಿದ ಪ್ರಯಾಣಿಕಳನ್ನು ಟಿಕೆಟ್ ಕಲೆಕ್ಟರು ನೋಡುವ ಹಾಗೆ ನೋಡಿದ. ನಾನೇ ಇಳಿದೆ.

ಅವನು ಶ್ರಾವಣದಲ್ಲಿ ತೀರಿಕೊಂಡ, ಅವ್ವಾ. ನಿನಗೆ ಬರೆಯಲಿಲ್ಲ. ವಯಸ್ಸಾಗಿತ್ತು, ಮೂರು ದಿನ ಅನ್ನ ಬಿಟ್ಟಿದ್ದ, ನಾಲ್ಕನೆಯ ಬೆಳಿಗ್ಗೆ ಬುಟ್ಟಿಯಲ್ಲೇ ಕಣ್ಣು ಮುಚ್ಚಿದ್ದ. ನಮ್ಮ ಅಕ್ಕಿ ಗಿರಣಿಯ ಹಿಂದೆ ಬೇವಿನ ಮರದ ಬುಡದಲ್ಲಿ ಇವರೇ ಗುಂಡಿ ತೋಡಿ, ನಮ್ಮಲ್ಲಿ ಸತ್ತವರನ್ನು ಕೂರಿಸುವ ಹಾಗೆ ಅವನನ್ನು ಕೂರಿಸಿ ಮಣ್ಣು ಮಾಡಿದರು. ಹಮಾಲರು ಮುಖ ಮುಖ ನೋಡಿಕೊಂಡರೆ, ಸುಬೇದಾರ ಯಾವತ್ತೂ ಮಲಗಿ ಪ್ರಯಾಣ ಮಾಡಿದವನಲ್ಲ ಎಂದರು. ಅತ್ತೆ ಯಾರೂ ನೋಡದ ಹಾಗೆ ಒಂದು ಚಿಟಿಕೆ ವಿಭೂತಿ ಉದುರಿಸಿದ್ದನ್ನು ನಾನು ನೋಡಿದೆ.

ಅದಾದ ಮೇಲೆ ಇವರು ಗಾಡಿಗೆ ಗೋಣಿತಟ್ಟು ಹೊದಿಸಿ ಗೋದಾಮಿನಲ್ಲಿ ನಿಲ್ಲಿಸಿಬಿಟ್ಟರು. ಹೊಸಪೇಟೆಗೆ ಹೋಗುವುದಿದ್ದರೂ ಎತ್ತಿನ ಗಾಡಿ. ನನ್ನ ಮೇಲೆ ಸಿಟ್ಟೇನೂ ಇಲ್ಲ, ಪ್ರೀತಿಯಿಂದಲೇ ಮಾತಾಡುತ್ತಾರೆ, ಆದರೆ ನಗು ಆ ಗೋಣಿತಟ್ಟಿನ ಕೆಳಗೇ ಉಳಿದುಬಿಟ್ಟಿತ್ತು. ಅದನ್ನು ಹೇಗಾದರೂ ಹೊರಗೆ ತರಬೇಕೆಂದು ಹೊರಟವಳು ನಾನು ಮಾಡಿದ್ದೇನು, ಕೇಳು.

ಆಯುಧಪೂಜೆ ಬಂತು. ಗಿರಣಿಯ ಯಂತ್ರ, ತಕ್ಕಡಿ, ಸೇರು, ಪಾವು ಎಲ್ಲ ತೊಳೆದು ವಿಭೂತಿ ಬಳಿದು ಸಾಲಾಗಿ ಇಟ್ಟಿದ್ದರು. ಮೋಟಾರ್ ಸೈಕಲ್ಲೊಂದೇ ಕೊಳೆ ಹಿಡಿದು ನಿಂತಿರಬೇಕೇ? ನನಗೆ ಕಾನ್ವೆಂಟಿನ ಹುರುಪು ಬಂತು. ನಮ್ಮ ಸಿಸ್ಟರುಗಳು ವರ್ಷಕ್ಕೊಮ್ಮೆ ಹಾಸಿಗೆ ಪರದೆ ಎಲ್ಲ ಎಳೆದು ಹಾಕಿ ಮಾಡಿಸುತ್ತಿದ್ದ ಸ್ವಚ್ಛತೆಯನ್ನು ಬುಟ್ಟಿಗೂ ಮಾಡಿಸಿದೆ. ಆ ಹಳೆಯ ಕಂಬಳಿ ಕೂದಲು, ಉಣ್ಣೆ, ನಾಯಿಯ ನಾತದಿಂದ ಗಟ್ಟಿಯಾಗಿತ್ತು. ಎತ್ತಿ ಬಚ್ಚಲ ಒಲೆಗೆ ಹಾಕಿದೆ. ಬುಟ್ಟಿಯನ್ನು ಸೀಗೆಪುಡಿಯಿಂದ ಉಜ್ಜಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ, ಹೊಳೆಯುವ ಗಾಡಿಯ ಪಕ್ಕ ಹಲ್ಲು ಬಿಟ್ಟುಕೊಂಡು ನಿಂತೆ, ಬಹುಮಾನ ಬಂದವಳ ಹಾಗೆ.

ಇವರು ಬಂದರು. ಗಾಡಿ ನೋಡಲಿಲ್ಲ. ಬುಟ್ಟಿಯೊಳಕ್ಕೆ ಬಗ್ಗಿ ಉಸಿರೆಳೆದುಕೊಂಡರು. ಆಗ ನನಗೆ ಗೊತ್ತಾಯಿತು ಅವ್ವಾ, ದಿನಾ ಬೆಳಿಗ್ಗೆ ಗಿರಣಿಗೆ ಹೋಗುವ ಮುಂಚೆ ಗೋದಾಮಿಗೆ ಯಾಕೆ ಹೋಗುತ್ತಿದ್ದರು ಎಂದು. ಈಗ ಅಲ್ಲಿ ಸೀಗೆಯ ವಾಸನೆ ಮಾತ್ರ ಇತ್ತು. ಕಂಬಳಿ ಎಲ್ಲಿ ಎಂದು ಮೆಲ್ಲಗೆ ಕೇಳಿದರು. ಅಷ್ಟರಲ್ಲಿ ಬಾಗಿಲ ಬಳಿ ಕುಂಕುಮದ ಬಟ್ಟಲು ಹಿಡಿದಿದ್ದ ಅತ್ತೆ, "ನಾನಽ ಒಲಿಗೆ ಹಾಕೀನಿ. ಹೆಂಗ ನಾರತಿತ್ತು ಅದು" ಎಂದುಬಿಟ್ಟರು.

ನಾನು ಸುಮ್ಮನಿದ್ದೆ. ಯಾಕೆಂದರೆ ಗಂಡನ ಮನೆಗೆ ಕಳಿಸುವಾಗ ನೀನು ಕಿವಿಯಲ್ಲಿ ಹೇಳಿದ್ದೆ, ಮೊದಲ ವರ್ಷ ನಿಮ್ಮತ್ತೆ ಆ ಚೆನ್ನಬಸಮ್ಮನ ಎದುರಿಗೆ ಯಾವ ತಪ್ಪನ್ನೂ ಒಪ್ಪಿಕೊಳ್ಳಬೇಡ, ಜೀವಮಾನವೆಲ್ಲ ಎತ್ತಿ ಆಡುತ್ತಾಳೆ ಎಂದು. ಇಂಗ್ಲಿಷ್ ಓದಿದ ಹುಡುಗಿಗೆ ರೊಟ್ಟಿ ತಟ್ಟಲು ಬರುತ್ತದೆಯೇ ಎಂದು ಅವರು ಮದುವೆಯ ಪಂಕ್ತಿಯಲ್ಲಿ ಕೇಳಿದ್ದನ್ನು ನೀನಿನ್ನೂ ಮರೆತಿಲ್ಲ, ಗೊತ್ತು.

ಮಾರನೆಯ ದಿನ ದಸರೆ. ಇಲ್ಲಿ ಸಂಜೆ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಬೇಕು. ಮೊದಲ ಬನ್ನಿ ತಾಯಿಗೆ. ಇವರು ಇಡೀ ಓಣಿಗೆ ಬನ್ನಿ ಕೊಟ್ಟು ಬಂದರು, ಹಮಾಲರಿಗೂ ಕೊಟ್ಟರು, ಅತ್ತೆಗೆ ಕೊಡಲಿಲ್ಲ. ಅತ್ತೆ ಹೊಸ ಸೀರೆ ಉಟ್ಟು ಪಡಸಾಲೆಯಲ್ಲಿ ಕೂತೇ ಇದ್ದರು. ದೀಪ ಹಚ್ಚುವ ಹೊತ್ತಿಗೆ ಎದ್ದು ಒಳಗೆ ಹೋದರು. ನಾನು ಹಿಂದೆಯೇ ಹೋಗಿ, ಯಾಕೆ ನಿಮ್ಮ ಮೇಲೆ ಹಾಕಿಕೊಂಡಿರಿ ಎಂದು ಅಳುತ್ತ ಕೇಳಿದೆ. ಅವರು ಬೇಳೆ ಕೇರುವುದನ್ನು ನಿಲ್ಲಿಸದೆ, "ಹೊಟ್ಟ್ಯಾಗ ಹುಟ್ಟಿದಾವ ನನ್ನ ಮ್ಯಾಲ ಎಷ್ಟ್ ದಿನ ಸಿಟ್ಟು ಮಾಡ್ಯಾನು? ನಿಂದಿನ್ನಾ ಹೊಸಾ ಸಂಸಾರ. ಬಾಯಿ ಮುಚ್ಕೊಂಡು ಇರು" ಎಂದರು. ಅವ್ವಾ, ಎತ್ತಿ ಆಡುವವರು ಹೀಗೆ ಹೇಳುತ್ತಾರೆಯೇ?

ಆದರೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಇವರು ತಾಯಿಯ ಜೊತೆ ಮಾತಿಲ್ಲದೆ ಉಂಡು ಏಳುತ್ತಿದ್ದರು. ಕೊನೆಗೆ ಅತ್ತೆಯೇ ನನ್ನ ಕೈಲಿ ಹೇಳಿಸಿದರು, ಬಂಡ್ರಿಯ ಭರಮಣ್ಣನ ಹತ್ತಿರ ಹೊಸ ಕಂಬಳಿ ತರಬಾರದೇ ಎಂದು. ಸುಬೇದಾರನನ್ನು ಮರಿಯಾಗಿದ್ದಾಗ ಕೊಟ್ಟ ಕುರುಬರ ಮುದುಕ ಅವನು. ಕಂಬಳಿ ಬೇಡ, ಆದರೆ ಭರಮಣ್ಣನಿಗೆ ಇನ್ನೂ ಸುದ್ದಿಯನ್ನೇ ಹೇಳಿಲ್ಲ, ಅದು ತಪ್ಪು ಎಂದು ಇವರು ಗೋಣಿತಟ್ಟು ತೆಗೆದರು. ಅತ್ತೆ ನನ್ನನ್ನೂ ಹೊರಡಿಸಿದರು. ನಾನು ಹಿಂದಿನ ಸೀಟಿನಲ್ಲಿ, ಬುಟ್ಟಿ ಖಾಲಿ.

ಮಂಗಳವಾರ ಹೊರಟೆವು. ಹಂಪಿಯ ಬಂಡೆಗಳ ನಡುವೆ, ಕಡ್ಡಿರಾಂಪುರದ ಬಾಳೆ ತೋಟಗಳ ಪಕ್ಕ ಹೋಗುವಾಗ ಜಗತ್ತು ಎಷ್ಟು ಚೆಂದ ಎನ್ನಿಸಿತು! ಎದೆಯಲ್ಲಿ ಮುಳ್ಳಿದ್ದರೂ ಕಣ್ಣಿಗೆ ಗೊತ್ತಾಗುವುದಿಲ್ಲ ನೋಡು. ಪ್ರತಿ ಊರಲ್ಲೂ ಯಾರಾದರೂ ಒಬ್ಬರು, ಸುಬೇದಾರ ಎಲ್ಲಿ ಎಂದು ಕೇಳುತ್ತಿದ್ದರು. ಹೊಸಪೇಟೆಯಲ್ಲಿ ಪೆಟ್ರೋಲು ಹಾಕುವವನು ಕೇಳಿದ. ಪಾಪಿನಾಯಕನಹಳ್ಳಿಯಲ್ಲಿ ಮಜ್ಜಿಗೆ ಕೊಡುವ ತಾಯಕ್ಕ, ಅವನ ಪಾಲಿನ ಬೋಗುಣಿಯನ್ನೂ ಹಿಡಿದುಕೊಂಡೇ ಬಂದಳು. ಇವರು ಪ್ರತಿ ಸಲವೂ ಉತ್ತರ ಹೇಳಬೇಕಾಗಿತ್ತು. ಮೊದಮೊದಲು ಒಂದೇ ಮಾತಿನಲ್ಲಿ ಹೇಳಿ ಗಾಡಿ ಬಿಡುತ್ತಿದ್ದರು. ಸಂಡೂರಿನ ಕೆಂಪು ಗುಡ್ಡ ಹತ್ತುವ ಹೊತ್ತಿಗೆ ಒಂದೆರಡು ಕಥೆ ಸೇರಿಸಿ ಹೇಳತೊಡಗಿದ್ದರು.

ಬುಧವಾರ ಸಂಜೆ ಬಂಡ್ರಿ ಸೇರಿದೆವು. ಹಟ್ಟಿಯಲ್ಲಿ ಭರಮಣ್ಣ ಎಲ್ಲ ಕೇಳಿ ಕೋಲಿನ ತುದಿಯಿಂದ ನೆಲ ಕೆರೆದ. ಆಮೇಲೆ, ಅವನ ಹಾಸಿಗೆ ಏನು ಮಾಡಿದಿರಿ ಎಂದು ಕೇಳಿದ. ಆ ಕಂಬಳಿ ಇವನೇ ನೇಯಿಸಿ ಕೊಟ್ಟದ್ದಂತೆ. "ನಮ್ಮವ್ವ ಸುಟ್ಟಳು" ಎಂದರು ಇವರು. ಆ ಮಾತಿನಲ್ಲಿ ಇದ್ದ ಕಹಿ, ಅದೂ ಹೊರಗಿನವರ ಮುಂದೆ, ನನಗೆ ತಡೆಯಲಾಗಲಿಲ್ಲ. ಹೊಸ ಸೀರೆ ಉಟ್ಟು ಬನ್ನಿಗೆ ಕಾದು ಕೂತಿದ್ದ ಅತ್ತೆಯೇ ಕಣ್ಣ ಮುಂದೆ ಬಂದರು.

"ಅತ್ತೆ ಅಲ್ಲ. ನಾನು ಸುಟ್ಟೆ" ಎಂದೆ.

ಇವರು ಎದ್ದು ಕುರಿ ದೊಡ್ಡಿಯ ಆಚೆ ಹೋಗಿ ಬೆನ್ನು ಮಾಡಿ ನಿಂತರು. ನಾನು ಅಲ್ಲೇ ಅಳುತ್ತ ಕೂತೆ. ಭರಮಣ್ಣನ ಹೆಂಡತಿ ಹೊಳೆಮ್ಮ ನನ್ನ ತಲೆ ಸವರಿ ಹಾಲು ಕೊಟ್ಟಳು. ಭರಮಣ್ಣ ಮಾತ್ರ ದೊಡ್ಡಿಯ ಕಡೆ ಕೂಗಿ ಹೇಳಿದ, "ಸಾಹುಕಾರ್ರ, ನಾಯಿ ವಾಸನಿ ಬೇಕಂದ್ರ ಇಲ್ಲೆ ನಾಕ್ ದಿನ ಇರ್ರಿ. ಮೂಗು ಮುಚ್ಕೊಂಡು ಓಡಿ ಹೋಗತೀರಿ." ಹಟ್ಟಿಯ ಏಳು ನಾಯಿಗಳೂ ಆಗಲೇ ಇವರನ್ನು ಸುತ್ತಿಕೊಂಡಿದ್ದವು. ಎಲ್ಲವೂ ಸುಬೇದಾರನ ವಂಶದವೇ ಅಂತೆ. ಅದೇ ಕಿವಿ, ಅದೇ ಟಿಕೆಟ್ ಕಲೆಕ್ಟರನ ನೋಟ. ಇವರು ಅವುಗಳ ನಡುವೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ಇದ್ದರು.

ತಿರುಗಿ ಬಂದಾಗ ಮುಖ ಒದ್ದೆಯಾಗಿತ್ತು. ಬೈಯಲಿಲ್ಲ ಅವ್ವಾ. "ಏಳು ದಿನ ಅವ್ವನ ಜೋಡಿ ಮಾತಾಡಿಲ್ಲ ನಾನು" ಎಂದಷ್ಟೇ ಹೇಳಿದರು. ಕಂಬಳಿ ಸುಟ್ಟದ್ದಕ್ಕಿಂತ ಆ ಮಾತೇ ನನ್ನನ್ನು ಹೆಚ್ಚು ಸುಟ್ಟಿತು. ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ, ನಿನ್ನ ಬುದ್ಧಿಮಾತನ್ನೂ ಸೇರಿಸಿ. ಕ್ಷಮಿಸು, ಅಡಗಿಸಿ ಅಡಗಿಸಿ ಸಾಕಾಗಿತ್ತು. ಅವರು ಕೇಳಿ, ನಿಮ್ಮವ್ವನನ್ನೂ ನಮ್ಮವ್ವನನ್ನೂ ಒಂದು ಸಲ ಎದುರುಬದುರು ಕೂರಿಸಬೇಕು ಎಂದರು. ಮೊದಲ ನಗು ಆಗಲೇ ಬಂದದ್ದು.

ಮರುದಿನ ಹೊರಡುವಾಗ ಹೊಳೆಮ್ಮ ಹೊಸ ಕಂಬಳಿ ತಂದು, ಯಾರನ್ನೂ ಕೇಳದೆ ಬುಟ್ಟಿಯಲ್ಲಿ ಹಾಸಿದಳು. ನಾನು ಹಿಂದಿನ ಸೀಟಿಗೆ ಕೈ ಹಾಕಿದೆ. ಇವರು ಬುಟ್ಟಿ ತೋರಿಸಿ, "ಅಲ್ಲೆ ಕುಂದ್ರು" ಎಂದರು.

ಅಲ್ಲಿಂದ ಜಗತ್ತು ಬೇರೆಯೇ ಕಾಣುತ್ತದೆ. ನೆಲ ಹತ್ತಿರ, ಎತ್ತುಗಳ ಕಾಲು ಹತ್ತಿರ, ಸಂಡೂರಿನ ಕೆಂಧೂಳು ಮೂಗಿನೊಳಗೆ. ಕತ್ತೆತ್ತಿದರೆ ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡ ಇವರ ಮುಖ. ಒಂಬತ್ತು ವರ್ಷ ಸುಬೇದಾರ ಊರುಗಳನ್ನಲ್ಲ, ಈ ಮುಖವನ್ನೇ ನೋಡುತ್ತ ಹೋಗಿದ್ದಾನೆ ಎನ್ನಿಸಿತು. ಹೊಸಪೇಟೆ ಹತ್ತಿರ ದಾರಿ ಸಮನಾಗಿ ಬಂದಾಗ ಇವರ ಎಡಗೈ ಹ್ಯಾಂಡಲು ಬಿಟ್ಟು ತಾನಾಗಿ ಕೆಳಗಿಳಿದು ನನ್ನ ತಲೆಯ ಮೇಲೆ ಕೂತು ಎರಡು ಸಲ ತಟ್ಟಿತು. ಒಂಬತ್ತು ವರ್ಷದ ಅಭ್ಯಾಸ. ಬೆರಳಿಗೆ ನನ್ನ ಮುಡಿಯ ಸೇವಂತಿಗೆ ಸಿಕ್ಕಾಗ ಬೆಚ್ಚಿ ತೆಗೆಯಹೋದರು. ನಾನು ಆ ಕೈ ಹಿಡಿದುಕೊಂಡು, ಇರಲಿ ಬಿಡಿ ಎಂದೆ. ಆಗಲೇ ಅವ್ವಾ, ಬಾಯಿ ತುಂಬ ನಕ್ಕದ್ದು. ಗಾಡಿ ಹೊಲಕ್ಕೆ ನುಗ್ಗುವುದರಲ್ಲಿತ್ತು. (ಈ ಸಾಲನ್ನು ಅಪ್ಪನಿಗೆ ಓದಿ ಹೇಳಬೇಡ.)

ಶುಕ್ರವಾರ ಕಂಪ್ಲಿ ಸೇರಿದೆವು. ಬಂಡ್ರಿಯ ಹೊಲದ ಬದುವಿನಲ್ಲಿ ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದ ಬನ್ನಿಯನ್ನು ಇವರು ಅತ್ತೆಯ ಕೈಯಲ್ಲಿಟ್ಟು ಕಾಲು ಮುಟ್ಟಿದರು. ದಸರೆ ಮುಗಿದು ಎಂಟು ದಿನ ಆಯಿತಲ್ಲೋ ಎಂದರು ಅತ್ತೆ. "ನನಗ ಇವತ್ತು, ಅವ್ವಾ" ಎಂದರು ಇವರು. ಅತ್ತೆ ನನ್ನ ಕಡೆ ಒಮ್ಮೆ ದುರುಗುಟ್ಟಿ ನೋಡಿದರು, ಬಾಯಿ ಬಿಟ್ಟೆಯಲ್ಲ ಎಂದು. ಎಲೆಗಳನ್ನು ಮಾತ್ರ ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಇನ್ನೂ ಬಿಚ್ಚಿಲ್ಲ.

ಮೊದಲ ದೀಪಾವಳಿಗೆ ಕರೆದಿದ್ದೀ, ಬರುತ್ತೇವೆ. ನೀನು ಹೆದರಬೇಡ, ನಿನ್ನ ಮಾತಿನಂತೆ ನಾನು ರೈಲಿನಲ್ಲೇ ಬರುತ್ತೇನೆ. ನಿನ್ನ ಅಳಿಯ ಗಾಡಿಯಲ್ಲಿ ಬರುತ್ತಾರೆ. ಎಣ್ಣೆಸ್ನಾನಕ್ಕೆ ಹಂಡೆ ದೊಡ್ಡದಿರಲಿ.

ಬುಟ್ಟಿಯ ಧೂಳು ಇನ್ನೂ ಕಿವಿಯಲ್ಲಿರುವ,
ನಿನ್ನ ನಾಗು

ಮರೆತ ಮಾತು: ನಿನ್ನ ಮಾತಿಗಾಗಿ ರೈಲು ಎಂದು ಬರೆದದ್ದು ಪೂರ್ತಿ ನಿಜವಲ್ಲ. ನಿನ್ನೆ ಇವರು ಬುಟ್ಟಿ ಒರೆಸಿ, ಅನಂತಪುರಕ್ಕೆ ಬರುತ್ತೀಯೇನು ಎಂದು ಅತ್ತೆಯನ್ನು ಕೇಳಿದರು. "ನಾಯಿ ಕುಂತ ಜಾಗದಾಗ ಕುಂದ್ರಬೇಕೇನು ನಾನು?" ಎಂದು ಬೈದವರು, ಸಂಜೆ ನಾನು ಗೋದಾಮಿಗೆ ಹೋದರೆ ಬುಟ್ಟಿಯ ಕಂಬಳಿಯ ಮೇಲೆ ನೆಟ್ಟಗೆ ಕೂತು ನೋಡುತ್ತಿದ್ದರು. ನನ್ನನ್ನು ಕಂಡು ಸರಿಯಲೂ ಇಲ್ಲ. ತೊಂಬತ್ತು ಮೈಲಿ ಅದರಲ್ಲೇ ಬರುತ್ತಾರೆ, ಬಳ್ಳಾರಿಯಲ್ಲಿ ಒಂದು ರಾತ್ರಿ ತಂಗಿ. ಆರತಿ ಅವರಿಗೂ ಇರಲಿ, ಅವ್ವಾ, ಮತ್ತು ರೊಟ್ಟಿಯ ಮಾತು ಎತ್ತಬೇಡ. ಬುಟ್ಟಿಯಲ್ಲಿ ಜಾಗವಿಲ್ಲದ ನಾನು, ಅಪ್ಪನಿಗೆ ಹೇಳು, ಭಾನುವಾರ ಮೂವತ್ತೊಂದನೆಯ ತಾರೀಖು, ಗುಂತಕಲ್ಲಿನಿಂದ ಬರುವ ಸಂಜೆಯ ಪ್ಯಾಸೆಂಜರಿನಲ್ಲಿ ಇಳಿಯುತ್ತೇನೆ.