ನಾನು ಯಾವ ಸಾಲಿಗೆ

ಜನವರಿ 8, ಬೆಳಿಗ್ಗೆ
ಬೇಕರಿ ಕೆಲಸಕ್ಕೆ ಹೊರಡುವ ಮುಂಚೆ ಕೋಟಿನ ಎಡತೋಳಿಗೆ ಚಮಕಿ ಹೊಲಿದೆ. ಸೂಜಿ ಬೆರಳಿಗೇ ಚುಚ್ಚಿತು. ಬ್ಯೂನಸ್ ಐರಿಸ್‌ನ ಈ ಸೆಖೆಗೆ ಸ್ಯಾಟಿನ್ ಕೋಟು... ಕಾರ್ನಿವಲ್ ಮೆರವಣಿಗೆಯ ಹುಚ್ಚು, ಇನ್ನೇನು.

ನಿನ್ನೆ ಕುಣಿತದ ತಂಡದ ಫೇಸ್‌ಬುಕ್ ಗ್ರೂಪಿನಲ್ಲಿ ಬರೆದೇಬಿಟ್ಟೆ. ಈ ವರ್ಷ ಕುಣಿಯುವವರ ಪಟ್ಟಿ ಮಾಡುವಾಗ ನನ್ನನ್ನು ಹೆಂಗಸರ ಸಾಲಿಗೆ ಹಾಕಬೇಡಿ, ಗಂಡಸರ ಸಾಲಿಗೂ ಬೇಡ. ನಾನು ಎರಡೂ ಅಲ್ಲ. ನಜರೇನಾ ಎಂಬ ಹುಡುಗಿ ಹೆಸರು ಬೇಡ, ನಜಾ ಸಾಕು. ದಿನಾ ಬೆಳಿಗ್ಗೆ ಗ್ರೂಪಿನಲ್ಲಿ "ಹುಡುಗರೇ, ಹುಡುಗಿಯರೇ" ಅನ್ನುವ ಬದಲು ಎಲ್ಲರನ್ನೂ ಸೇರಿಸಿ ಕರೆಯಿರಿ. ಅದಕ್ಕೆ ಈಗ ಸ್ಪ್ಯಾನಿಶ್‌ನಲ್ಲಿ ಹೆಣ್ಣೂ ಅಲ್ಲದ, ಗಂಡೂ ಅಲ್ಲದ ಹೊಸ ಪದ ಇದೆಯಲ್ಲ.

ತಗೋ, ಕಾಮೆಂಟುಗಳ ಸುರಿಮಳೆ. ಡ್ರಮ್ಮು ಬಾರಿಸುವ ತಿಂಚೋ: "ಮೇಜು ಹೆಣ್ಣು, ತಟ್ಟೆ ಗಂಡು. ನಮ್ಮ ಭಾಷೇಲಿ ಚಮಚಕ್ಕೂ ಒಂದು ಲಿಂಗ ಇದೆ. ನೀನು ಯಾವ್ದೇ ತಾಯಿ?" ತಂಡ ಬಿಟ್ಟು ಸ್ಪೇನಿಗೆ ಹೋಗಿ ಕೂತ ಹಳಬರಿಗೂ ಇದರಲ್ಲಿ ಮೂಗು ತೂರಿಸಬೇಕಂತೆ.

ಅಡ್ಮಿನ್ ಮಾತ್ರ ತುಟಿ ಪಿಟಕ್ಕೆಂದಿಲ್ಲ. ಅಡ್ಮಿನ್ ಅಂದರೆ ಅಪ್ಪ. ತಂಡದ ನಾಯಕನೂ ಅವನೇ.

ಜನವರಿ 9
"ಗ್ರೂಪಲ್ಲಿ ಒಂಬೈನೂರು ಜನರ ಎದುರಿಗೆ ಹೇಳ್ಬೇಕಿತ್ತೇನೇ? ಮನೇಲಿ ಹೇಳಕ್ಕಾಗಲ್ವಾ?"
"ಮನೇಲೂ ಹೇಳಿದ್ದೆ. ನೀನು ಟೀವಿ ಸೌಂಡು ಜಾಸ್ತಿ ಮಾಡ್ದೆ."
ಅಪ್ಪ ಪಕ್ಕ ಬಂದು ಕೂತ. ಆಮೇಲೆ, "ನಿಂಗೊಂದು ಜಾಗ ಹುಡುಕ್ತೀನಿ. ಅಪ್ಪ ಇದಾನೆ, ಬಿಡು."
ಅಷ್ಟಕ್ಕೇ ಕಣ್ಣು ತುಂಬಿತು. ಥೂ, ಇಷ್ಟು ಸುಲಭಕ್ಕೆ ಕರಗುವ ನಾನೂ ಒಂದು ಜೀವ.

ಜನವರಿ 17
ಹೆಂಗಸರ ಸಾಲಿನ ಮುಂದಾಳು ಇರ್ಮಾ ಅತ್ತೆ ಬೇಕರಿಗೇ ಬಂದಳು. "ನನ್ನ ಪಕ್ಕದ ಜಾಗ ನಿಂಗೆ ಇಟ್ಟಿರ್ಲಾ, ಬೇಡ್ವಾ? ಒಂದು ಹೇಳ್ಬಿಡು ಮಾರಾಯ್ತಿ."
"ಅಪ್ಪನ್ನ ಕೇಳಿ ಅತ್ತೆ."
"ಅವನಾ? ಕೇಳಿದ್ರೆ ಮುಸಿಮುಸಿ ನಗ್ತಾನೆ. ಪಟ್ಟಿ ಬರ್ಲಿ, ನೋಡ್ತೀಯಂತೆ ಅಂತಾನೆ."
ಮನೆಯಲ್ಲೂ ಹಾಗೇ, ಏನೋ ಗೆದ್ದವನ ಹಾಗೆ ಓಡಾಡುತ್ತಾನೆ. ಕೋಟಿನ ಎರಡೂ ತೋಳು ಮುಗಿಸಿದೆ.

ಜನವರಿ 24, ಸಂಜೆ
ಪಟ್ಟಿ ಬಂತು. ಗಿರಾಕಿ ಎದುರಿಗೆ ನಿಂತಿದ್ದರೂ ಫೋನ್ ನೋಡಿದೆ. ಹೆಂಗಸರಲ್ಲಿ ನಾನಿಲ್ಲ. ಗಂಡಸರಲ್ಲಿ ಇಲ್ಲ. ಅಪ್ಪ ಮಾತು ಉಳಿಸಿಕೊಂಡ!

ಮೇಲಕ್ಕೆ ಸರಿಸಿದೆ. ಬಾವುಟದ ಹಿಂದೆಯೇ ಕುಣಿಯುವ ಮಕ್ಕಳ ಸಾಲು. ಬೆಂಜಾ, ಹಾಲುಹಲ್ಲು ಬಿದ್ದ ಉಮಾ, ಇನ್ನೂ ಯಾರ್ಯಾರೋ ಪುಟಾಣಿಗಳು... ಕೊನೆಯಲ್ಲಿ ನಜಾ. ಇಪ್ಪತ್ತಾರು ವರ್ಷದ ಕತ್ತೆ.

ಕೆಳಗೆ ನಗುವ ಮುಖಗಳೇ ಮುಖಗಳು. ತಿಂಚೋ: "ಹಾಲಿನ ಬಾಟ್ಲಿ ತರ್ಲಾ ಪಾಪಚ್ಚೀ?"
ಗಿರಾಕಿಗೆ ಚಿಲ್ಲರೆ ಕೊಟ್ಟೆನೋ ಇಲ್ಲವೋ, ನೆನಪಿಲ್ಲ.

ಜನವರಿ 25
"ಎಲ್ರೂ ನಗಾಡ್ಲಿ ಅಂತ ಹಾಕಿದ್ದಾ ಅಪ್ಪಾ?"
ಅವನಿಗೆ ಅರ್ಥವೇ ಆಗಲಿಲ್ಲ. "ನಗೋದಾ? ಇಡೀ ತಂಡದಲ್ಲಿ ಹುಡುಗನಾ ಹುಡುಗಿನಾ ಅಂತ ಯಾರೂ ಕೇಳದೆ ಇರೋ ಸಾಲು ಅದೊಂದೇ ಕಣೇ. ಎಷ್ಟು ದಿನ ತಲೆ ಕೆಡಿಸ್ಕೊಂಡೆ ಗೊತ್ತಾ? ಅಲ್ಲಾದ್ರೆ ನಿಂಗೆ ಯಾರೂ ನೋವು ಮಾಡಲ್ಲ ಅಂತ..."
"ನಾನು ಮಗು ಅಲ್ಲ."
"ನಂಗೆ ಮಗುನೇ."
ಬೈಯಬೇಕೆಂದಿದ್ದೆ. ಆದರೆ ಪ್ರೀತಿಯಿಂದ ಮಾಡಿದ್ದಾನೆ. ಅದೇ ತಡೆಯಲಾಗದ್ದು. ಹಗೆಯಿಂದ ಮಾಡಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.
ಈ ವರ್ಷ ಕುಣಿಯುವುದಿಲ್ಲ ಎಂದೆ.

ಫೆಬ್ರವರಿ 14, ಮಧ್ಯಾಹ್ನ
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಅಪ್ಪ ಈಗ ನನ್ನನ್ನು ಯಾವ ಹೆಸರಿನಿಂದಲೂ ಕರೆಯುವುದಿಲ್ಲ. "ಕೇಳಿಸ್ತಾ? ಊಟ ರೆಡಿ." ಅಷ್ಟೇ.

ಇವತ್ತು ಸಂಜೆ ಮೆರವಣಿಗೆ. ನಜಾ ಯಾಕೆ ಬರಲ್ಲ ಎಂದು ಗ್ರೂಪಿನಲ್ಲಿ ಯಾರೋ ಕೇಳಿದರು. ಅಡ್ಮಿನ್ ಉತ್ತರ: "ನನ್ನ ಮಗಳಿಗೆ ಜೋರು ಜ್ವರ. ಹಾಸಿಗೆ ಬಿಟ್ಟು ಎದ್ದಿಲ್ಲ."
ಜ್ವರ!

ಕೆಳಗೆ ಹೃದಯಗಳ ರಾಶಿ. "ಬೇಗ ಹುಷಾರಾಗು ರಾಜಕುಮಾರಿ." ಇರ್ಮಾ ಅತ್ತೆ: "ಸೂಪು ಕಳಿಸ್ತೀನಿ ಮಗಳೇ." ತಿಂಚೋ ಕೂಡ: "ದೇವರು ಕಾಪಾಡ್ಲಿ ತಂಗೀ." ಕಾಯಿಲೆ ಬಿದ್ದ ಹುಡುಗಿಗೆ ಕೊಡಲು ಇಷ್ಟೊಂದು ಪ್ರೀತಿ ಇತ್ತಾ ಇವರ ಹತ್ತಿರ? ಅದರಲ್ಲಿ ಚೂರು ನನಗೆ ಕೊಟ್ಟಿದ್ದರೆ ಸಾಕಿತ್ತು.

ಅದೇ ದಿನ, ಐದು ಗಂಟೆ
ಅಪ್ಪ ಕಾರ್ನಿವಲ್ ಕೋಟು ತೊಟ್ಟೇ ಕೋಣೆಗೆ ಬಂದ. ಕೈಯಲ್ಲಿ ನಿಂಬೆ ಟೀ, ಜ್ವರದ ಮಾತ್ರೆ. ಹಣೆ ಮುಟ್ಟಿ ನೋಡಿದ. ನಿಜವಾಗಿಯೂ ನೋಡಿದ.
"ನಂಗೆ ಜ್ವರ ಇಲ್ಲ ಅಪ್ಪಾ."
"ಸ್ವಲ್ಪ ಬಿಸಿ ಇದೆ."
"ಅದು ನೀನೇ ಹೇಳಿದ ಸುಳ್ಳಲ್ವಾ?"
"ಕುಡಿ. ಮಲಗು. ಎಲ್ಲಾ ಸರಿಹೋಗುತ್ತೆ."
ನಾನು ವಾಸಿಯಾಗಲಿ ಎಂದು ಬೇಡುತ್ತಿದ್ದ. ಮಾತ್ರೆ ನುಂಗಿದೆ. ಅವನಿಗೋಸ್ಕರ.

ಏಳು ಗಂಟೆ
ಗ್ರೂಪಿನಲ್ಲಿ ಬರೆಯುತ್ತೇನೆ, ಅಳಿಸುತ್ತೇನೆ. "ನನಗೆ ಯಾವ ಕಾಯಿಲೆಯೂ ಇಲ್ಲ." ಹಾಕಿದರೆ ಅಪ್ಪ ಎಲ್ಲರೆದುರು ಸುಳ್ಳುಗಾರ. ಹಾಕದಿದ್ದರೆ...

ಬಂದರು. ನಮ್ಮ ಬೀದಿಗೇ ತಿರುಗಿದರು. ಡ್ರಮ್ಮು, ಸೀಟಿ, ಮಕ್ಕಳ ಕೇಕೆ — ಎದೆಯೊಳಗೇ ಬಾರಿಸಿದ ಹಾಗಿದೆ, ಕಾಲು ತಾನೇ ತಾಳ ಹಾಕುತ್ತಿದೆ.

ನಿಂತಿತು. ಒಮ್ಮೆಲೇ ಎಲ್ಲ ನಿಂತಿತು. ಪರದೆ ಸರಿಸಿ ನೋಡಿದೆ. ಅಪ್ಪ ತುಟಿಗೆ ಬೆರಳಿಟ್ಟು ಮುಂದೆ ನಡೆಯುತ್ತಿದ್ದಾನೆ. ಹಿಂದೆ ಇಡೀ ತಂಡ, ಮಕ್ಕಳು, ಹೆಂಗಸರು, ಗಂಡಸರು, ತಿಂಚೋ ಸಹ, ತುದಿಗಾಲಲ್ಲಿ. ರೋಗಿಗೆ ತೊಂದರೆಯಾಗಬಾರದಂತೆ. ಉಸಿರು ಬಿಗಿಹಿಡಿದು ನನ್ನ ಕಿಟಕಿಯ ಕೆಳಗೇ ಹೋಗುತ್ತಿದ್ದಾರೆ. ಕಿಟಕಿ ತೆಗೆದು ಕೂಗಿಬಿಡಲಾ? ಒಂದೇ ಮಾತು: ನನಗೆ ಕಾಯಿಲೆ ಇಲ್ಲ, ನಾನು—